ಬೇಬಿಯ ಹನ್ನೆರಡು ತೇಲುಗುಂಡು

ಅಂಕೋಲೆಯ ಮೀನು ಪೇಟೆಯಲ್ಲಿ ಬೇಬಿಯ ಎದುರು ಸುಳ್ಳು ಹೇಳಿ ದಕ್ಕಿಸಿಕೊಂಡವರು ಈವರೆಗೆ ಯಾರೂ ಇಲ್ಲ. "ಹೋದ ವಾರ ನೀ ಕೊಟ್ಟ ಬಂಗಡೆ ಮೆತ್ತಗಿತ್ತು" ಎಂದು ಯಾರಾದರೂ ಗೊಣಗಿದರೆ ಸಾಕು, ಬೇಬಿ ಕೈಯಲ್ಲಿದ್ದ ಕತ್ತಿ ಕೆಳಗಿಟ್ಟು ಸೊಂಟಕ್ಕೆ ಕೈ ಕೊಡುತ್ತಾಳೆ. "ಹೋದ ವಾರ ಎಲ್ಲಿ ಬಂಗಡೆ ತಕಂಡ್ರಿ ಬಾಯಿ? ನೀವು ತಕಂಡದ್ದು ನೊಗ್ಲಿ. ಮಂಗಳವಾರ. ಹಸಿರು ಸೀರೆ ಉಟ್ಕಂಡು ಬಂದಿದ್ರಿ. ಕೊಡೆ ಇಲ್ಲೇ ಬಿಟ್ಟು ಹೋಗಿ, ಮತ್ತೆ ಬಂದು ತಕಂಡು ಹೋದ್ರಿ." ಗೊಣಗಿದವರು ತೆಪ್ಪಗೆ ಚೀಲ ಒಡ್ಡಬೇಕು, ಬೇರೆ ದಾರಿಯೇ ಇಲ್ಲ.

ಅವಳು ಓದಿದ್ದು ನಾಲ್ಕನೇ ಇಯತ್ತೆ. ಬಸ್ಸಿನ ಕನ್ನಡ ಬೋರ್ಡು ಓದುತ್ತಾಳೆ, ಇಂಗ್ಲಿಷ್ ಅಕ್ಷರ ಕಂಡರೆ ಮುಖ ತಿರುಗಿಸುತ್ತಾಳೆ. ಆದರೆ ಯಾವ ದಿನ ಬುಟ್ಟಿಯಲ್ಲಿ ಯಾವ ಮೀನಿತ್ತು, ಅದು ಯಾರ ಯಾರ ಮನೆಗೆ ಹೋಯಿತು ಎಂಬುದೆಲ್ಲ ಇಪ್ಪತ್ತೊಂಬತ್ತು ವರ್ಷಗಳಿಂದ ಅವಳ ತಲೆಯಲ್ಲಿ ಸಾಲಾಗಿ ಕೂತಿದೆ. ಇಪ್ಪತ್ತನೇ ವಯಸ್ಸಿಗೆ ಕಾರವಾರದ ಕೋಡಿಬಾಗಕ್ಕೆ ಸೊಸೆಯಾಗಿ ಬಂದಳು. ಬಂದ ವಾರದಲ್ಲೇ ಅತ್ತೆ ತನ್ನ ಬುಟ್ಟಿಯನ್ನು ಅವಳ ತಲೆಗೇರಿಸಿ ಒಂದೇ ಒಂದು ಮಾತು ಹೇಳಿದ್ದಳು. "ಮನೆಯಿಂದ ಎಂತದೇ ಹೊರಗೆ ಹೋಗ್ಲಿ, ಮೊದ್ಲಿಂದು ಮನೆಗೆ." ಅತ್ತೆ ತೀರಿಕೊಂಡು ಎಷ್ಟೋ ವರ್ಷವಾಯಿತು. ಬೇಬಿ ಮಾತ್ರ ಇವತ್ತಿಗೂ ಪೇಟೆಯಲ್ಲಿ ಬುಟ್ಟಿ ಇಳಿಸಿದ ಕೂಡಲೇ ಒಂದು ಮೀನನ್ನು ಎತ್ತಿ ಸಾಗವಾನಿ ಎಲೆಯಲ್ಲಿ ಸುತ್ತಿ ಬದಿಗಿಡುತ್ತಾಳೆ. ಆಮೇಲೆಯೇ ಮಾರಾಟ. ಆ ಒಂದು ಮೀನು ಅವಳ ಲೆಕ್ಕಕ್ಕೇ ಇಲ್ಲ. ಬುಟ್ಟಿಯಲ್ಲಿ ಎಷ್ಟಿದೆ ಎಂದು ಕೇಳಿದರೆ ಅದನ್ನು ಬಿಟ್ಟೇ ಹೇಳುತ್ತಾಳೆ, ಬಿಟ್ಟಿದ್ದೇನೆ ಎಂಬುದು ಅವಳಿಗೇ ಗೊತ್ತಿರುವುದಿಲ್ಲ.

ಅವಳ ಬದುಕಿನ ದೊಡ್ಡ ಶತ್ರು ಬಸ್ಸು. ಬೆಳಿಗ್ಗೆ ಬೈತಖೋಲ ಬಂದರಿನ ಹರಾಜಿನಲ್ಲಿ ಮೀನು ತೆಗೆದುಕೊಂಡು, ಕಾರವಾರದ ಸ್ಟ್ಯಾಂಡಿಗೆ ಬಂದು, ಅಂಕೋಲೆಯ ಬಸ್ಸು ಹತ್ತಬೇಕು. ನೀರು ಸೋರುವ ಬುಟ್ಟಿ ಕಂಡರೆ ಕೆಲವು ಕಂಡಕ್ಟರುಗಳಿಗೆ ಮೈಮೇಲೆ ದೇವರು ಬರುತ್ತದೆ. ಹಿಂದೆ ಹೋಗು, ಕೆಳಗಿಡು, ಅದಕ್ಕೂ ಟಿಕೆಟ್ ತೆಗೆಸು, ಮುಂದಿನ ಬಸ್ಸಿಗೆ ಬಾ. ಮುಂದಿನ ಬಸ್ಸಿಗೆ ಹೋದರೆ ಮೀನು ಕಾಯುತ್ತದೆಯೇ? ಹಾಗಾಗಿ ಬೇಬಿಗೆ ಒಂದು ಆಸೆ ಇತ್ತು. ಮೂರು ಗಾಲಿಯ ಒಂದು ಗೂಡ್ಸ್ ರಿಕ್ಷಾ, ಹಿಂದೆ ಬರ್ಫದ ಪೆಟ್ಟಿಗೆ, ಮುಂದೆ ಬೇಬಿ. ಆಸೆ ಇಟ್ಟುಕೊಂಡು ಸುಮ್ಮನೆ ಕೂರುವ ಜಾತಿಯವಳಲ್ಲ ಅವಳು. ಮಗಳು ಪ್ರಗತಿಯನ್ನು ಕಟ್ಟಿಕೊಂಡು ಹೋಗಿ, ನಲವತ್ತೊಂಬತ್ತನೇ ವಯಸ್ಸಿನಲ್ಲಿ ಲೈಸೆನ್ಸ್ ಮಾಡಿಸಿಕೊಂಡು ಬಂದಳು. ಆ ಕಾರ್ಡು ಅರಿಶಿನದ ಡಬ್ಬಿಯಲ್ಲಿ ಕಾಯುತ್ತಿತ್ತು.

ಈ ಸಲ ಅಗಸ್ಟಿನಲ್ಲಿ ಬಾಳೆಗುಳಿಯ ಗ್ಯಾರೇಜಿನ ಹರೀಶ ಅಂಥದೇ ಒಂದು ಸೆಕೆಂಡ್‌ಹ್ಯಾಂಡ್ ರಿಕ್ಷಾ ತಂದು ನಿಲ್ಲಿಸಿದ. ನೀಲಿ ಬಣ್ಣ, ಇಂಜಿನ್ ಚೊಕ್ಕ. ಬೇಬಿ ಅದರ ಸುತ್ತ ಮೂರು ಸುತ್ತು ಬಂದು, ಸೀಟಿನಲ್ಲಿ ಕೂತು ಹಾರ್ನ್ ಒತ್ತಿ ನೋಡಿದಳು. "ಬೇಬಿಬಾಯಿ, ನಿಮ್ಗೋಸ್ಕರ ಬುಧವಾರದವರೆಗೆ ಇಟ್ಕೊಳ್ತೆ" ಎಂದ ಹರೀಶ. "ಹೊನ್ನಾವರದವ್ರು ಒಬ್ರು ಕೈಯಲ್ಲಿ ದುಡ್ಡು ಹಿಡ್ಕಂಡೇ ನಿಂತಿದ್ದಾರೆ. ಬುಧವಾರ ದಾಟಿದ್ರೆ ನನ್ನ ಬೈಬೇಡಿ."

ಬೇಬಿ ಮನೆಗೆ ಬಂದು ಹೇಳಿದಾಗ ಗಂಡ ದೇವಿದಾಸ ಸೋಲ್ಡರಿಂಗ್ ಕಡ್ಡಿಯನ್ನು ಕೆಳಗಿಟ್ಟು ಬಹಳ ದೊಡ್ಡ ಮನುಷ್ಯನ ಹಾಗೆ ಕೈ ಎತ್ತಿದ. "ಚಿಂತೆ ಬಿಡು. ನನ್ನ ಕಾಯಿನ್ ತೆಗಿತೆ."

ಈ ಕಾಯಿನ್ನಿನ ಕತೆ ಹೇಳದೆ ಮುಂದೆ ಹೋಗುವಂತಿಲ್ಲ. ದೇವಿದಾಸ ಬೋಟುಗಳ ವೈರ್‌ಲೆಸ್ಸು, ಜಿಪಿಎಸ್ಸು, ಮೀನು ಹುಡುಕುವ ಯಂತ್ರ ರಿಪೇರಿ ಮಾಡುವವನು. ಕೈ ಒಳ್ಳೆಯದು, ಬಾಯಿ ಕಡಿಮೆ, ಹುಚ್ಚು ಜಾಸ್ತಿ. ಕೆಲವು ವರ್ಷಗಳ ಹಿಂದೆ ಅವನಿಗೆ ಕ್ರಿಪ್ಟೊ ನಾಣ್ಯದ ಒಂದು ಸಣ್ಣ ನೆಟ್‌ವರ್ಕಿನ ಹುಚ್ಚು ಹಿಡಿಯಿತು. ಅದಕ್ಕೆ ಬ್ಯಾಂಕು, ಮ್ಯಾನೇಜರು ಯಾರೂ ಇಲ್ಲ. ಜಗತ್ತಿನಲ್ಲೆಲ್ಲ ಚದುರಿ ಕೂತ ಕಂಪ್ಯೂಟರುಗಳು ಒಂದೇ ಲೆಕ್ಕದ ಪುಸ್ತಕದ ಪ್ರತಿಗಳನ್ನು ಇಟ್ಟುಕೊಂಡು, ಒಂದಕ್ಕೊಂದು ತಾಳೆ ನೋಡುತ್ತಿರುತ್ತವೆ. ಅಂಥದೊಂದು ಪ್ರತಿ ಕೋಡಿಬಾಗದ ಅವನ ಕೋಣೆಯಲ್ಲೂ ಇತ್ತು. ಹಾಗೆ ಇಟ್ಟುಕೊಂಡದ್ದಕ್ಕೆ ಒಂದು ಪೈಸೆಯೂ ಸಿಗುತ್ತಿರಲಿಲ್ಲ, ಕರೆಂಟು ಬಿಲ್ಲು ಮಾತ್ರ ಸರಿಯಾಗಿ ಬರುತ್ತಿತ್ತು. "ಎಂತಾ ಲಾಭಕ್ಕೆ ಇದು?" ಎಂದು ಬೇಬಿ ಕೇಳಿದರೆ, "ಲಾಭಕ್ಕಲ್ಲ, ಚೆಂದಕ್ಕೆ" ಎನ್ನುತ್ತಿದ್ದ.

ಆ ವರ್ಷದ ಮಳೆಗಾಲ ಬಂತು. ಕೋಡಿಬಾಗದಲ್ಲಿ ಮಳೆಗಾಲವೆಂದರೆ ದಿನಕ್ಕೆ ಹತ್ತು ಸಲ ಕರೆಂಟು ಹೋಗುವ ಕಾಲ. ಒಂದೊಂದು ಸಲ ಹೋದಾಗಲೂ ದೇವಿದಾಸನ ಕಂಪ್ಯೂಟರಿನ ಪುಸ್ತಕ ಕೆಟ್ಟು ಕೂರುತ್ತಿತ್ತು, ಮೊದಲಿನಿಂದ ಎಲ್ಲಾ ತರಿಸಿಕೊಳ್ಳಬೇಕಾಗುತ್ತಿತ್ತು. ಬೇರೆಯವರಾದರೆ ಬಿಟ್ಟುಬಿಡುತ್ತಿದ್ದರು. ಇವನು ಪಟ್ಟು ಹಿಡಿದು ಒಂದು ತಿಂಗಳು ಕೂತು, ಯಾವ ಗಳಿಗೆಯಲ್ಲಿ ಕರೆಂಟು ಹೋದರೆ ಯಾವ ಫೈಲು ಒಡೆಯುತ್ತದೆ ಎಂದು ಹುಡುಕಿ, ಆ ಪ್ರೋಗ್ರಾಮು ಮಾಡಿದವರಿಗೆ ಬರೆದು ಕಳಿಸಿದ. ಅವರಿಗೆ ಆಶ್ಚರ್ಯವೋ ಆಶ್ಚರ್ಯ. ಅವರ ಊರುಗಳಲ್ಲಿ ಕರೆಂಟೇ ಹೋಗುವುದಿಲ್ಲವಂತೆ, ಪಾಪ. ಆ ದೋಷ ಸರಿಮಾಡಿ, ಕೃತಜ್ಞತೆ ಹೇಳಿ, ಕಂಪ್ಯೂಟರಿನೊಳಗೆ ನಾಣ್ಯ ಇಡುವ ಅವನ ವಾಲೆಟ್ಟಿಗೆ ಒಂದಿಷ್ಟು ನಾಣ್ಯ ಕಳಿಸಿದರು. ಆಗ ಅದಕ್ಕೆ ಒಂದು ಬುಟ್ಟಿ ತಾರ್ಲೆ ಮೀನಿನ ಬೆಲೆಯೂ ಇರಲಿಲ್ಲ. ಈಗ ಸರ್ಕಾರಕ್ಕೆ ಸಲ್ಲಬೇಕಾದ್ದು ಸಲ್ಲಿಸಿಯೂ ಒಂದು ಹಳೆಯ ರಿಕ್ಷಾ ಬರುವಷ್ಟಾಗಿತ್ತು.

ಭಾನುವಾರ ಬೆಳಿಗ್ಗೆ ಬೇಬಿ ಹಿತ್ತಲಲ್ಲಿ ಶೆಟ್ಲಿ, ಅಂದರೆ ಸಿಗಡಿ, ಸುಲಿಯುತ್ತಿದ್ದಳು. ಒಳಗಿನಿಂದ ದೇವಿದಾಸನ ಕೂಗು ಬಂತು. ಹಾವು ಕಂಡರೂ ಕೂಗದ ಮನುಷ್ಯ.

"ಬೇಬೀ! ನನ್ನ ಬಾಬಾನ ಬಲೆ ಎಲ್ಲಿ?"

"ಯಾವ ಬಲೆ?"

"ಹಿಂದಿನ ಶೆಡ್ಡಿನಲ್ಲಿ ತೂಗಿ ಹಾಕಿತ್ತಲ್ಲಾ, ಕಾಳಿ ಹೊಳೆಗೆ ಬಿಡೂ ಸಣ್ಣ ಬಲೆ!"

"ಅದಾ? ಇಲಿ ತಿಂದು ಚಿಂದಿ ಆಗಿತ್ತು. ಎರಡು ವರ್ಷ ಆಯ್ತು ಬಿಸಾಡಿ."

ದೇವಿದಾಸ ಬಾಗಿಲ ಹೊಸ್ತಿಲ ಮೇಲೇ ಕೂತುಬಿಟ್ಟ. "ಗುಂಡು? ಅದ್ರ ತೇಲುಗುಂಡು?"

"ಗುಂಡು ಯಾರಾದ್ರೂ ಬಿಸಾಡ್ತಾರಾ? ಕೇಳಿದವ್ರಿಗೆ ಕೊಟ್ಟೆ."

ಅದು ನಮ್ಮ ಕಡಲತಡಿಯ ರಿವಾಜು. ಮಳೆಗಾಲದಲ್ಲಿ ಬೋಟುಗಳು ದಡದ ಮೇಲಿರುತ್ತವೆ, ಎಲ್ಲರೂ ಬಲೆ ರಿಪೇರಿಗೆ ಕೂರುತ್ತಾರೆ. ಯಾರ ಮನೆಯಲ್ಲಿ ಬಲೆ ಸತ್ತಿದೆಯೋ ಅವರು ಅದರ ಅಂಚನ್ನು ತೇಲಿಸುವ ಪ್ಲಾಸ್ಟಿಕ್ ಗುಂಡು, ಹಗ್ಗ ಬಿಚ್ಚಿ, ಬೇಕಾದವರಿಗೆ ಕೊಡಬೇಕು. ಇಟ್ಟುಕೊಂಡರೆ ಜಿಪುಣರೆಂಬ ಹೆಸರು ಬರುತ್ತದೆ. ಬೇಬಿ ಏನು ತಪ್ಪು ಮಾಡಿದಳು, ಹೇಳಿ.

ತಪ್ಪು ಮಾಡಿದವನು ಹೊಸ್ತಿಲ ಮೇಲೆ ಕೂತಿದ್ದ. ಪ್ರಗತಿ ಬಂದು ಅಪ್ಪನ ಬಾಯಿಂದ ಒಂದೊಂದೇ ತುಂಡು ಹೊರಡಿಸಿದಳು. ಆ ನೆಟ್‌ವರ್ಕಿನ ಪ್ರೋಗ್ರಾಮಿಗೂ ವಾಲೆಟ್ಟಿಗೂ ಒಂದು ಭಾರೀ ಅಪ್ಡೇಟು ಬಂದಿತ್ತು. ನಾಲ್ಕು ತಿಂಗಳಿಂದ ಸೂಚನೆ ಬರುತ್ತಲೇ ಇತ್ತು. ಹಳೆಯದು ಇನ್ನು ನಡೆಯುವುದಿಲ್ಲ, ಹೊಸದನ್ನು ಹಾಕಿಕೊಳ್ಳಿ, ಹಾಕುವ ಮೊದಲು, ವಾಲೆಟ್ಟಿಗೆ ಬೀಗದಕೈಯಾಗಿ ಮೊದಲ ದಿನ ಕೊಟ್ಟ ಹನ್ನೆರಡು ಶಬ್ದಗಳನ್ನು ಹತ್ತಿರ ಇಟ್ಟುಕೊಳ್ಳಿ. ದೇವಿದಾಸ ಇವತ್ತು ನಾಣ್ಯ ತೆಗೆಯಲು ಕೂತವನು ಅಪ್ಡೇಟಿನ ಗುಂಡಿ ಒತ್ತಿದ. ಹೊಸ ವಾಲೆಟ್ಟು ಥಳಥಳ ಹೊಳೆಯುತ್ತಾ ತೆರೆದುಕೊಂಡು, ನಿಮ್ಮ ಹನ್ನೆರಡು ಶಬ್ದಗಳನ್ನು ಕ್ರಮವಾಗಿ ಬರೆಯಿರಿ ಎಂದಿತು. ಬರೆದರೆ ಒಳಗಿದ್ದದ್ದು ನಿಮ್ಮದು. ಇಲ್ಲದಿದ್ದರೆ ಬ್ರಹ್ಮ ಬಂದರೂ ತೆಗೆಯುವಂತಿಲ್ಲ.

"ಶಬ್ದ ಎಲ್ಲಿ ಬರ್ದಿಟ್ಟಿದ್ದೆ ಬಾಬಾ?"

"ಗುಂಡಿನ ಮೇಲೆ."

ಕಾಗದದ ಮೇಲೆ ಬರೆದರೆ ಕಾರವಾರದ ಹವೆಗೆ ಬೂಸಲು ಹಿಡಿಯುತ್ತದೆ, ಕಬ್ಬಿಣದ ಮೇಲೆ ಬರೆದರೆ ಉಪ್ಪುಗಾಳಿಗೆ ತುಕ್ಕು, ಹೊಳೆ ಉಕ್ಕಿ ಮನೆಯೊಳಗೆ ನೀರು ಬಂದರೆ ಎಲ್ಲಾ ಹೋಯಿತು. ಆದರೆ ತೇಲುಗುಂಡು? ಕೊಳೆಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ, ಮುಳುಗುವುದಂತೂ ಇಲ್ಲವೇ ಇಲ್ಲ. ದೇವಿದಾಸನ ಅಪ್ಪನ ಬಲೆಯಲ್ಲಿ ಸರಿಯಾಗಿ ಹನ್ನೆರಡು ಗುಂಡು ಉಳಿದಿದ್ದವು. ಒಂದೊಂದರ ಮೇಲೂ ಸೋಲ್ಡರಿಂಗ್ ಕಡ್ಡಿಯಿಂದ ಒಂದೊಂದು ಇಂಗ್ಲಿಷ್ ಶಬ್ದ ಸುಟ್ಟು ಬರೆದ. ನಂಬರ್ ಹಾಕಲಿಲ್ಲ. ಹಗ್ಗದಲ್ಲಿ ಪೋಣಿಸಿದ ಕ್ರಮವೇ ಕ್ರಮ, ನಂಬರ್ ಯಾಕೆ? ಎಂಥಾ ಬುದ್ಧಿವಂತ ನೋಡಿ.

ಬೇಬಿ ಎಲ್ಲಾ ಕೇಳಿಸಿಕೊಂಡಳು. ಶೆಟ್ಲಿಯ ಸಿಪ್ಪೆ ಮೆತ್ತಿದ ಕೈಯನ್ನು ಸೊಂಟಕ್ಕೆ ಕೊಟ್ಟಳು. "ನಂಗೆ ಒಂದು ಮಾತು ಹೇಳೂಕೆ ಎಂತಾ ಆಗಿತ್ತು ನಿಮ್ಗೆ?"

"ಯಾರಿಗೂ ಹೇಳ್ಬಾರ್ದು ಅಂತ ಅದ್ರಲ್ಲೇ ಬರ್ದಿತ್ತು."

"ಯಾರಿಗೂ ಅಂದ್ರೆ ಅದ್ರಲ್ಲಿ ನಾನೂ ಬಂದ್ನಾ?"

ಬೇಬಿಗೆ ಸಿಟ್ಟಿನ ಹಿಂದೆಯೇ ದುಃಖ ಒತ್ತರಿಸಿ ಬಂತು. ನೀಲಿ ರಿಕ್ಷಾ ಹೊನ್ನಾವರದ ದಾರಿ ಹಿಡಿದು ಹೋಗುವುದು ಕಣ್ಣಿಗೆ ಕಟ್ಟಿತು. ಒಂದು ಗಳಿಗೆ ಅಷ್ಟೇ. ಮೂಗು ಒರೆಸಿಕೊಂಡು, "ಎರಡು ವರ್ಷದ ಹಿಂದಿನ ಜುಲೈ, ಸೋಮವಾರ," ಎಂದು ಶುರುಮಾಡಿದಳು. "ಜೋರು ಗಾಳಿ. ಬೆಳಿಗ್ಗೆ ಮೊದ್ಲು ಬಂದವ ನಿತಿನ. ಕೆನ್ನೆ ಬಾತಿತ್ತು, ಹಲ್ಲು ನೋವು. ಅವ್ನಿಗೆ ಒಂದು ತುದಿಯಿಂದ ನಾಕು ಗುಂಡು, ಹಗ್ಗ ಸಮೇತ ಕತ್ತರಿಸಿ ಕೊಟ್ಟೆ. ಆಮೇಲೆ ಭಾವಿಕೇರಿ ಕಾಮಿ ಬಸಳೆ ತಕಂಡು ಬಂದ್ಲು, ಅವ್ಳಿಗೆ ಅದ್ರ ಮುಂದಿಂದು ಒಂದು. ಮಧ್ಯಾಹ್ನ ಬೇಲೇಕೇರಿಯ ಮಾಬ್ಲೇಶ್ವರ ಭಾವ, ಉಳಿದ ತುಂಡು ಅಷ್ಟೂ ಹೊತ್ಕಂಡು ಹೋದ್ರು. ಏಳಿ. ಅಂಗಿ ಹಾಕ್ಕಳ್ಳಿ."

ದೇವಿದಾಸ ಅಂಗಿ ಹುಡುಕಲು ಎದ್ದ. ಪ್ರಗತಿ ನಕ್ಕಳು. "ಬಾಬಾ, ನೀನು ಗುಂಡಿನ ಮೇಲೆ ಯಾಕೆ ಬರೆದೆ? ಆಯಿಗೆ ಒಂದ್ಸಲ ಹೇಳಿದ್ರೆ ಆಗಿತ್ತು."

ಬದಲಿಗೆ ಕೊಡಲು ಒಂದು ಚೀಲ ಹೊಸ ಗುಂಡು ಹಿಡಿದುಕೊಂಡು ಗಂಡಹೆಂಡಿರು ಹೊರಟರು. ನಿತಿನನ ಮನೆ ನಾಲ್ಕು ಹೆಜ್ಜೆ. ಹೊಳೆಯಿಂದ ಆಗಷ್ಟೇ ಬಂದು ಬಲೆ ಒಣಹಾಕುತ್ತಿದ್ದ. ಅವನೊಬ್ಬ ಮಹಾ ಸೋಮಾರಿ. ಗುಂಡುಗಳನ್ನು ಬಿಚ್ಚಿ ಪೋಣಿಸುವ ಗೋಜಿಗೇ ಹೋಗದೆ ಬೇಬಿ ಕೊಟ್ಟ ಹಗ್ಗದ ತುಂಡನ್ನೇ ಇಡಿಯಾಗಿ ತನ್ನ ಬಲೆಗೆ ಬಿಗಿದಿದ್ದ. ನಾಲ್ಕೂ ಕ್ರಮ ತಪ್ಪದೆ ಸಾಲಾಗಿ ಕೂತಿದ್ದವು. ಸೋಮಾರಿತನಕ್ಕೆ ಇಷ್ಟು ಮರ್ಯಾದೆ ಈ ಜಗತ್ತಿನಲ್ಲಿ ಇನ್ನೆಲ್ಲೂ ಸಿಕ್ಕಿರಲಿಕ್ಕಿಲ್ಲ. ಬೇಬಿ ಅವನ ಕೆನ್ನೆ ಹಿಂಡಿದಳು.

ದೇವಿದಾಸ ಓಡಿಹೋಗಿ ಗುಂಡುಗಳ ಮೇಲೆ ಟುವಾಲು ಮುಚ್ಚಿದ. "ಓದ್ಬೇಡ ನಿತಿನ!"

"ಎರಡು ವರ್ಷದಿಂದ ದಿನಾ ಓದ್ತಾ ಇದ್ದೆ ಕಾಕಾ," ಎಂದ ನಿತಿನ. "ಒಂದ್ರ ಮೇಲೆ ಲೆಮನ್ ಅಂತ ಅದೆ. ಕಂಪನಿ ಹೆಸ್ರು ಅಂದ್ಕಂಡಿದ್ದೆ."

ದೇವಿದಾಸ ಹಣೆ ಚಚ್ಚಿಕೊಂಡ. ಬೇಬಿ ದಾರಿಯುದ್ದಕ್ಕೂ ನಕ್ಕಳು. ಯಾರಿಗೂ ಹೇಳಬಾರದ್ದನ್ನು ಹೆಂಡತಿಯೊಬ್ಬಳನ್ನು ಬಿಟ್ಟು ಇಡೀ ಕಾಳಿ ಹೊಳೆಗೇ ತೋರಿಸಿದ ಹಾಗಾಗಿತ್ತು.

ಕಾರವಾರದಿಂದ ಅಂಕೋಲೆಯ ಬಸ್ಸು ಹತ್ತಿದಾಗ ಬೇಬಿಗೆ ಏನೋ ಮರೆತ ಹಾಗೆ ಅನಿಸಿತು. ಬುಟ್ಟಿ ಇಲ್ಲದೆ ಈ ಬಸ್ಸಿನಲ್ಲಿ ಅವಳು ಕೂತದ್ದೇ ಇಲ್ಲ. ಕಂಡಕ್ಟರು ನಕ್ಕು ಸೀಟು ತೋರಿಸಿದ. ಬೇಬಿ ಕಿಟಕಿಯ ಬದಿ ಕೂತು, ಗಂಡನ ಪಕ್ಕ, ಹೊಸ ಮದುಮಗಳ ಹಾಗೆ ಹೊರಗೆ ನೋಡುತ್ತಾ ಹೋದಳು. ಮನಸ್ಸಿನಲ್ಲಿ ಸಿಟ್ಟು ಇನ್ನೂ ಇತ್ತು, ಆದರೆ ಪ್ರಯಾಣ ಚೆಂದವಿತ್ತು.

ಬೇಲೇಕೇರಿಯಲ್ಲಿ ಮಾಬ್ಲೇಶ್ವರ, ದೇವಿದಾಸನ ಅಕ್ಕನ ಗಂಡ, ಜಗುಲಿಯಲ್ಲಿ ಕೂತಿದ್ದ. ಬೇಕಾಗುತ್ತದೆ ಎಂದು ಎಲ್ಲವನ್ನೂ ಹೊತ್ತು ತಂದು ಯಾವುದನ್ನೂ ಉಪಯೋಗಿಸದ ಮನುಷ್ಯ ಅವನು. ಬೇಬಿಯ ಹಗ್ಗದ ತುಂಡು ಮಾಡಿನ ಜಂತಿಯಲ್ಲಿ ಎರಡು ವರ್ಷದ ಜೇಡರಬಲೆ ಹೊದ್ದುಕೊಂಡು ಹಾಗೇ ಕೂತಿತ್ತು. ಆರು ಗುಂಡು, ಆರೂ ಕ್ರಮದಲ್ಲಿ. ಆದರೆ ಕೊಡಬೇಕಲ್ಲ? "ಉಂಡು ಹೋದ್ರೆ ಕೊಡ್ತೆ, ಇಲ್ದಿದ್ರೆ ಇಲ್ಲ" ಎಂದು ಹಟ ಹಿಡಿದ. ತಾರ್ಲೆ ಸಾರು, ಕುಚ್ಚಲಕ್ಕಿ ಅನ್ನ, ಹುರಿದ ಶೆಟ್ಲಿ. ದೇವಿದಾಸ ಜಂತಿಯನ್ನೇ ನೋಡುತ್ತಾ ಅನ್ನ ಕಲಸಿದ. ಬೇಬಿ ಎರಡು ಸಲ ಅನ್ನ ಹಾಕಿಸಿಕೊಂಡಳು.

ಭಾವಿಕೇರಿಯಲ್ಲಿ ಕಾಮಿ ಗದ್ದೆಯಿಂದ ಬಂದು ಕಾಲು ತೊಳೆಯುತ್ತಿದ್ದಳು. ಬೇಬಿಯ ಮೀನಿಗೆ ತನ್ನ ಬಸಳೆ, ಹರಿವೆ ಕೊಟ್ಟು ಹದಿನೈದು ವರ್ಷದ ಗೆಳೆತನ ಅವರದು. ಗುಂಡು ಎಲ್ಲಿ ಎಂದರೆ ಬಾವಿ ತೋರಿಸಿದಳು. ಕೊಡಪಾನದ ಹಗ್ಗದ ತುದಿಗೆ ಅದು ಕಟ್ಟಿತ್ತು. "ಹಗ್ಗ ಕೈ ತಪ್ಪಿ ಬಿದ್ರೂ ತುದಿ ತೇಲ್ತದೆ ಬೇಬಕ್ಕಾ. ಮೊನ್ನೆ ಸೈತ ಬಿತ್ತೇ, ಗುಂಡು ಇತ್ತು ಅಂತ ಸಿಕ್ತು." ಬಿಚ್ಚಿ ಕೈಗೆ ಕೊಡುತ್ತಾ, ತಿರುಗಿಸಿ ಮುರುಗಿಸಿ ನೋಡಿದಳು. "ಎಂತದೇ ಅದೆ ಇದ್ರಲ್ಲಿ, ಇಬ್ರೂ ಹುಡ್ಕಂಡು ಬಂದ್ರಿ?"

"ನನ್ನ ರಿಕ್ಷಾ ಅದೆ ಮಾರಾಯ್ತಿ" ಎಂದಳು ಬೇಬಿ.

ಬೈಗಿನ ಹೊತ್ತಿಗೆ ಮನೆಗೆ ಬಂದು ಚಾಪೆಯ ಮೇಲೆ ಹರವಿದರು. ಪ್ರಗತಿ ಬೆರಳು ಮಡಚಿ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಹನ್ನೊಂದು.

"ಇನ್ನೊಂದು ಯಾರಿಗೆ ಕೊಟ್ಟೆ?" ಎಂದು ದೇವಿದಾಸ ಮೆಲ್ಲಗೆ ಕೇಳಿದ.

"ಯಾರಿಗೂ ಇಲ್ಲ. ಬಂದದ್ದೇ ಮೂರು ಜನ. ನಾಕು, ಒಂದು, ಆರು."

"ಹನ್ನೆರಡು ಇತ್ತು ಬೇಬಿ. ನಾನೇ ಬರ್ದದ್ದು."

ಹನ್ನೊಂದಿದ್ದರೆ ಒಂದೂ ಇಲ್ಲದ ಹಾಗೆಯೇ. ಆ ಶಬ್ದಗಳ ಪಟ್ಟಿಯಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಶಬ್ದಗಳಿವೆ. ಅದರಲ್ಲಿ ಯಾವುದು ತಪ್ಪಿಹೋದದ್ದು, ಅದು ಸಾಲಿನಲ್ಲಿ ಎಲ್ಲಿ ಕೂರಬೇಕು, ಎರಡೂ ಗೊತ್ತಿಲ್ಲ. ಹುಡುಕಿಕೊಡುವ ಪ್ರೋಗ್ರಾಮುಗಳು ಇಂಟರ್ನೆಟ್ಟಿನಲ್ಲಿ ಇವೆ ಎಂದಳು ಪ್ರಗತಿ. "ಗುರ್ತಿಲ್ಲದವ್ನ ಪ್ರೋಗ್ರಾಮಿಗೆ ಹನ್ನೊಂದು ಶಬ್ದ ಕೊಡೂದಾ? ಅದ್ಕಿಂತ ಮನೆ ಬಾಗ್ಲು ತೆಗ್ದಿಟ್ಟು ಮಲಗೂದು ಒಳ್ಳೇದು" ಎಂದ ದೇವಿದಾಸ. ಅವನ ಮಾತು ಸರಿಯೇ ಇತ್ತು. ಬೇಬಿ ಹನ್ನೊಂದನ್ನೂ ಚಾಪೆಯ ಮೂಲೆಗೆ ಸರಿಸಿದಳು. ರಿಕ್ಷಾ ಹೋದರೆ ಹೋಗಲಿ, ಇನ್ನೊಂದು ಬಂದೀತು. ಆದರೆ ತನ್ನ ನೆನಪು ತಪ್ಪಿತು ಎಂಬುದು ಅವಳಿಗೆ ನುಂಗಲಾರದ ಮುಳ್ಳಾಯಿತು. ಒಂದು ಗುಂಡು ತಪ್ಪಿದವಳಿಗೆ ಇಷ್ಟು ವರ್ಷ ಪೇಟೆಯಲ್ಲಿ ಆಡಿದ್ದೆಲ್ಲ ಸರಿಯಿತ್ತೆಂದು ಯಾರು ಹೇಳಿಯಾರು? ಆ ಹಸಿರು ಸೀರೆಯ ಬಾಯಿ ನಿಜಕ್ಕೂ ನೊಗ್ಲಿಯನ್ನೇ ತೆಗೆದುಕೊಂಡಿದ್ದಳೇ?

ಸೋಮವಾರ ಬೆಳಿಗ್ಗೆ ಮತ್ತೆ ಬುಟ್ಟಿ, ಮತ್ತೆ ಬಸ್ಸು. ನಿನ್ನೆ ಸೀಟು ತೋರಿಸಿದ ಅದೇ ಕಂಡಕ್ಟರು ಇವತ್ತು ಮೂಗು ಮುರಿದು ಹಿಂದಕ್ಕೆ ಅಟ್ಟಿದ. ದಿನವಾದರೆ ಅವನಿಗೆ ನಾಲ್ಕು ಮಾತು ಕೇಳಿಸುವವಳು ಇವತ್ತು ಸುಮ್ಮನೆ ಹೋಗಿ ನಿಂತಳು. ಅಂಕೋಲೆಯಲ್ಲಿ ಬುಟ್ಟಿ ಇಳಿಸಿದಳು. ಆಗಲೇ ಗಿರಾಕಿಯೊಬ್ಬ ಬಂದು ನಿಂತಿದ್ದ. "ಎಷ್ಟು ಬಂಗಡೆ ಅದೆ ಬೇಬಿ? ನಂಗೆ ಎಲ್ಲಾ ಬೇಕು, ಮನೇಲಿ ಜನ."

"ನಲವತ್ತು" ಎನ್ನುತ್ತಲೇ ಅವಳ ಕೈ ತನ್ನಷ್ಟಕ್ಕೆ ಒಂದು ಬಂಗಡೆಯನ್ನು ಎತ್ತಿ ಎಲೆಯಲ್ಲಿ ಸುತ್ತಿ ಬದಿಗಿಟ್ಟಿತು.

ಗಿರಾಕಿ ನಕ್ಕ. "ಅದು ಸೇರಿ ನಲವತ್ತಾ, ಬಿಟ್ಟು ನಲವತ್ತಾ?"

ಬೇಬಿ ಎಲೆಯನ್ನೇ ನೋಡುತ್ತಾ ನಿಂತಳು. ನಾಲ್ಕು, ಒಂದು, ಆರು. ಎಲ್ಲಾ ಸರಿ. ಆದರೆ ನಿತಿನ ಬರುವ ಮೊದಲು? ಕತ್ತಿ ಕೈಗೆ ತೆಗೆದುಕೊಂಡ ಕೂಡಲೇ ಮೊದಲು ಮಾಡಿದ್ದೇನು? ಮೊದ್ಲಿಂದು ಮನೆಗೆ. ತುದಿಯ ಮೊದಲನೇ ಗುಂಡನ್ನು ಕತ್ತರಿಸಿ ತೆಗೆದು ಬದಿಗಿಟ್ಟದ್ದು ತಾನೇ. ಲೆಕ್ಕಕ್ಕೆ ಸೇರದ ಒಂದು! ಆ ದಿನವೇ ಸಂಜೆ ಅದನ್ನು ಬೀಗದಕೈ ಗೊಂಚಲಿಗೆ ಕಟ್ಟಿದ್ದಳು, ಹೊಳೆಯಲ್ಲಿ ಬಿದ್ದರೂ ತೇಲಲಿ ಎಂದು. ಸುಟ್ಟ ಅಕ್ಷರದ ಅಂಚು ಸೊಂಟಕ್ಕೆ ಚುಚ್ಚುತ್ತದೆಂದು ಹಳೆಯ ಸೀರೆಯ ಚೂರು ಸುತ್ತಿ ಹೊಲಿದಿದ್ದಳು. ಹೊಲಿದು ಮರೆತಿದ್ದಳು.

ಬೇಬಿ ಸೊಂಟಕ್ಕೆ ಕೈ ಕೊಟ್ಟಳು. ಗುಂಡು ಅಲ್ಲೇ ಇತ್ತು. ಎರಡು ವರ್ಷದಿಂದ ದಿನಾ ಅವಳ ಜೊತೆ ಬಸ್ಸಿನಲ್ಲಿ ಹಿಂದೆ ನಿಂತು ಅಂಕೋಲೆಗೆ ಬಂದು ಹೋಗುತ್ತಿತ್ತು.

ಅವಳು ಕೂಗಿದ ಕೂಗಿಗೆ ಪೇಟೆಯ ಬೆಕ್ಕುಗಳೆಲ್ಲ ಚೆಲ್ಲಾಪಿಲ್ಲಿಯಾದವು. 

ಗಿರಾಕಿಗೆ ನಲವತ್ತು ಬಂಗಡೆಯನ್ನೂ ಸುರಿದು ಕೊಟ್ಟು, ಗಂಡನಿಗೆ ಫೋನು ಹಚ್ಚಿದಳು. "ಸಿಕ್ತು! ನನ್ನ ಸೊಂಟದಲ್ಲೇ ಅದೆ! ಮೊದ್ಲಿಂದು ಇದು, ಎಲ್ಲಕ್ಕಿಂತ ಮೊದ್ಲಿಂದು!"

"ಓದ್ಬೇಡ!" ಎಂದು ಆ ಕಡೆಯಿಂದ ದೇವಿದಾಸ ಹೌಹಾರಿದ. "ಫೋನಿನಲ್ಲಿ ಓದ್ಬೇಡ ಬೇಬಿ!"

"ನಂಗೆ ಇಂಗ್ಲಿಷ್ ಬರ್ತದಾ? ನಿಮ್ಮ ತಲೆ!" ಎಂದು ಫೋನಿಟ್ಟಳು. ಬಸ್ಸಿನಲ್ಲಿ ಕಾರವಾರದವರೆಗೂ ಸೊಂಟ ಹಿಡಿದುಕೊಂಡೇ ಕೂತದ್ದನ್ನು ನೋಡಿ ಪಕ್ಕದ ಅಜ್ಜಿ, "ಎಂತಾ, ಬೆನ್ನುನೋವಾ?" ಎಂದು ಕೇಳಿ ತೈಲವೊಂದರ ಹೆಸರು ಹೇಳಿದಳು.

ಮನೆಯಲ್ಲಿ ಮೀನು ಕತ್ತಿಯಿಂದಲೇ ಹೊಲಿಗೆ ಬಿಚ್ಚಿದರು. ಗುಂಡಿನ ಅಕ್ಷರಗಳು ಹೊಸದಾಗಿ ಬರೆದ ಹಾಗಿದ್ದವು. ದೇವಿದಾಸ ಅದನ್ನು ಚಾಪೆಯ ಮೇಲೆ ಮೊದಲಿಗಿಟ್ಟ. ಆಮೇಲೆ ನಿತಿನನ ನಾಲ್ಕು, ಕಾಮಿಯ ಒಂದು, ಭಾವನ ಆರು. ಪ್ರಗತಿ ಒಂದೊಂದಾಗಿ ಬರೆದಳು. ತಪ್ಪು ಎಂದಿತು. "ಭಾವನ ಹಗ್ಗ ಉಲ್ಟಾ ಇಟ್ಟಿರ್ಬೇಕು, ತಿರುಗ್ಸು" ಎಂದಳು ಬೇಬಿ. ತಿರುಗಿಸಿ ಬರೆದರು. ಪರದೆ ಒಂದು ಗಳಿಗೆ ಯೋಚಿಸಿ, ಹಸಿರಾಯಿತು.

ಆದರೂ ಒಳಗಿದ್ದದ್ದು ಕಾಣಲಿಲ್ಲ. ಹೊಸ ಪ್ರೋಗ್ರಾಮು ಜಗತ್ತಿನ ಆ ಪುಸ್ತಕವನ್ನೆಲ್ಲ ಮೊದಲಿನಿಂದ ಓದಿ ಬರಬೇಕಂತೆ. ಪರದೆಯ ಮೇಲೆ ಒಂದು ಹಸಿರು ಪಟ್ಟಿ ಆಮೆಯ ನಡಿಗೆಯಲ್ಲಿ ತುಂಬತೊಡಗಿತು. ಬೇಬಿ ಚಹಾ ಮಾಡಿದಳು. ಮುಕ್ಕಾಲು ತುಂಬಿತು. ಹೊರಗೆ ಮಳೆ ಜೋರಾಯಿತು. ಫ್ಯಾನು ನಿಂತಿತು, ಪರದೆ ಕಪ್ಪಾಯಿತು.

ಕರೆಂಟು ಹೋಗಿತ್ತು.

"ಅಯ್ಯೋ ದೇವಾ! ಹೋಯ್ತಾ ಎಲ್ಲಾ?" ಎಂದು ಬೇಬಿ ಕೂಗಿದಳು. ಪ್ರಗತಿ ಅಪ್ಪನ ಮುಖ ನೋಡಿದಳು. ಆ ಮನುಷ್ಯ ಎರಡು ದಿನದಲ್ಲಿ ಮೊದಲ ಬಾರಿಗೆ ಹಾಯಾಗಿ ಗೋಡೆಗೆ ಒರಗಿ ಕೂತು ಚಹಾ ಕುಡಿಯುತ್ತಿದ್ದ.

"ಎಂತಾ ಆಗೂದಿಲ್ಲ" ಎಂದ. "ಇದ್ಕೆ ತಾನೇ ನಂಗೆ ಕಾಯಿನ್ ಕೊಟ್ಟದ್ದು."

ಅರ್ಧ ಗಂಟೆಗೆ ಕರೆಂಟು ಬಂತು. ಪ್ರೋಗ್ರಾಮು ಎದ್ದು, ನಿಂತಿದ್ದ ಪುಟದಿಂದಲೇ ಓದು ಮುಂದುವರಿಸಿತು, ಒಂದಕ್ಷರ ಕೆಡದೆ. ಬೇಬಿ ಪರದೆಯನ್ನೂ ಗಂಡನನ್ನೂ ನೋಡಿದಳು. ಇಷ್ಟು ವರ್ಷ ಈ ಕೋಣೆಯಲ್ಲಿ ಚೆಂದಕ್ಕೆಂದು ಕೂತು ಇವನು ಮಾಡಿದ್ದು ಏನೆಂದು ಅವಳಿಗೆ ಇವತ್ತು ತಿಳಿಯಿತು. ಹೆಮ್ಮೆಯಿಂದ ಅವಳ ಕಣ್ಣು ತುಂಬಿತು. ಪಟ್ಟಿ ತುಂಬಿತು. ಇದ್ದದ್ದೆಲ್ಲ ಇದ್ದ ಹಾಗೇ ಇತ್ತು.

ಮಂಗಳವಾರ ರಿಕ್ಷಾಕ್ಕೆ ಬೇಕಾದಷ್ಟು ನಾಣ್ಯ ಮಾರಿದ ದುಡ್ಡು ಕೈಗೆ ಬಂತು, ಬುಧವಾರ ಬಾಳೆಗುಳಿಯಿಂದ ನೀಲಿ ರಿಕ್ಷಾ ಹೊರಟಿತು. ಮುಂದೆ ಬೇಬಿ, ಹಿಂದೆ ಬರ್ಫದ ಪೆಟ್ಟಿಗೆಯ ಮೇಲೆ ದೇವಿದಾಸ, ಬೇಡವೆಂದರೂ ಕೇಳದೆ. ಹೆದ್ದಾರಿಯಲ್ಲಿ ಆ ಕಂಡಕ್ಟರನ ಬಸ್ಸು ಎದುರಾದಾಗ ಬೇಬಿ ಎಷ್ಟು ಹೊತ್ತು ಹಾರ್ನ್ ಒತ್ತಿದಳೆಂದು ನಾನು ಹೇಳಲಾರೆ. ಭಾವಿಕೇರಿಯಲ್ಲಿ ನಿಲ್ಲಿಸಿ ಕಾಮಿಯನ್ನು ಕೂರಿಸಿಕೊಂಡು ಊರು ಒಂದು ಸುತ್ತು ಹೊಡೆಸಿದಳು, ಭಾನುವಾರದ ಗಡಿಬಿಡಿಯಲ್ಲಿ ಕೊಡದೆ ಉಳಿದಿದ್ದ ಹೊಸ ಗುಂಡನ್ನು ಬಾವಿಯ ಹಗ್ಗಕ್ಕೆ ಕಟ್ಟಿಕೊಟ್ಟಳು.

ಮನೆಗೆ ಬಂದು ನೋಡಿದರೆ ಚಾಪೆಯ ಮೇಲಿದ್ದ ಹನ್ನೆರಡು ಗುಂಡುಗಳು ಮಾಯ. ದೇವಿದಾಸ ಶೆಡ್ಡು ಹುಡುಕಿದ, ಅಟ್ಟ ಹುಡುಕಿದ, ಅರಿಶಿನದ ಡಬ್ಬಿಯನ್ನೂ ಬಿಡಲಿಲ್ಲ.

"ಬೇಬೀ, ಗುಂಡು ಎಲ್ಲಿಟ್ಟೆ?"

ಬೇಬಿ ಹಿತ್ತಲಲ್ಲಿ ರಿಕ್ಷಾದ ಗಾಜು ಒರೆಸುತ್ತಿದ್ದಳು. "ಭದ್ರ ಇಟ್ಟಿದ್ದೆ. ಕ್ರಮದಲ್ಲೇ ಅದೆ."

"ಅದು ಸರಿ, ಎಲ್ಲಿ?"

"ಯಾರಿಗೂ ಹೇಳ್ಬಾರ್ದಂತಲ್ಲ" ಎಂದಳು ಬೇಬಿ. "ನೀವೇ ಹೇಳಿದ್ದು." ಬಟ್ಟೆ ಹಿಂಡಿ, ಇನ್ನೊಂದು ಬದಿಯ ಗಾಜು ಒರೆಸಲು ಹೋದಳು.